ಸೆಲ್ಫ್ ಹೊಡೆದ ಕೂಡಲೇ ಕ್ಯಾಂಪರ್ ವ್ಯಾನಿನ ಕರೆಂಟ್ ಪೂರ್ತಿ ಆಫ್, ಬ್ಯಾಟರಿ ಮಾತ್ರ 12.5 ತೋರಿಸ್ತಿದೆ (ಚಿತ್ರದುರ್ಗ)

ಜೋಗಿಮಟ್ಟಿ_ಟಿಟಿ:
ಗಾಡಿ ಡೀಸೆಲ್ ಟಿಟಿ (ಟೆಂಪೋ ಟ್ರಾವೆಲರ್), 12 ವೋಲ್ಟ್. ಮಲಗೋಕೆ, ಅಡುಗೆಗೆ ಅಂತ ಒಳಗೆಲ್ಲ ಮಾರ್ಪಾಡು ಆಗಿದೆ. ಇಂಜಿನ್‌ಗೆ 100 ಎಎಚ್ ಲೆಡ್ ಆಸಿಡ್ ಬ್ಯಾಟರಿ. ಒಳಗಿನ ಬಳಕೆಗೆ ಬೇರೆ 100 ಎಎಚ್ ಲಿಥಿಯಂ, 1500 ವ್ಯಾಟ್ ಇನ್ವರ್ಟರ್. ಎರಡರ ಮಧ್ಯೆ ಸ್ಪ್ಲಿಟ್ ಚಾರ್ಜ್ ರಿಲೇ ಇದೆ (ಇಂಜಿನ್ ಓಡುವಾಗ ಎರಡೂ ಬ್ಯಾಟರಿ ಜೋಡಿಸಿ, ನಿಂತಾಗ ಬೇರೆ ಮಾಡೋ ಸ್ವಿಚ್).

ಚಂದ್ರವಳ್ಳಿ ಹತ್ರ ನಿಂತುಬಿಟ್ಟಿದೆ. ಕೀ ಆನ್ ಮಾಡಿದ್ರೆ ಡ್ಯಾಶ್ ದೀಪ ಎಲ್ಲ ಬರುತ್ತೆ. ಸೆಲ್ಫ್ ಹೊಡೆದರೆ ಒಂದೇ ಒಂದು 'ಟಕ್', ಆಮೇಲೆ ಹಾರ್ನ್ ಕೂಡ ಇಲ್ಲ. ಸ್ವಲ್ಪ ಹೊತ್ತು ಬಿಟ್ರೆ ದೀಪ ತಾನಾಗೇ ವಾಪಸ್. ಒಳಗಿನ ಫ್ಯಾನ್, ಫ್ರಿಜ್ ಆರಾಮಾಗಿ ಓಡ್ತಿವೆ. ಬ್ಯಾಟರಿ ಬದಲಾಯಿಸಬೇಕಾ? ಲಿಥಿಯಂನಿಂದಲೇ ಜಂಪ್ ಕೊಡಬಹುದಾ?

ಪಿಬಿರೋಡ್_ವೈರಿಂಗ್ (ದಾವಣಗೆರೆ):
ಬ್ಯಾಟರಿಗೆ ಈಗಲೇ ದುಡ್ಡು ಹಾಕಬ್ಯಾಡ್ರಿ. ಲೋಡ್ ಇಲ್ಲದಾಗ ಬಂದ 12.5 ನಂಬಂಗಿಲ್ಲ. ಎಲ್ಲೋ ಒಂದು ಜಾಯಿಂಟ್ ಸುಟ್ಟೈತಿ ಇಲ್ಲಾ ಸಡಿಲಾಗೈತಿ. ಡ್ಯಾಶ್ ದೀಪಕ್ಕೆ ಬೇಕಾಗೋದು ಒಂದೆರಡು ಆಂಪಿಯರ್, ಅದು ಹೆಂಗೋ ದಾಟತದ. ಸೆಲ್ಫ್ 300 ಆಂಪಿಯರ್ ಕೇಳಿದಾಗ ಬರೀ 0.01 ಓಮ್ ಅಡ್ಡ ಇದ್ರೂ 3 ವೋಲ್ಟ್ ಅಲ್ಲೇ ಹೋಗತದ, ಜಾಯಿಂಟ್ ಕಾದು ಬಿಟ್ಟುಕೊಳ್ಳತದ. ತಣ್ಣಗಾದ ಮ್ಯಾಲೆ ಮತ್ತ ಅಂಟತದ. ಅದಕ್ಕ ದೀಪ ವಾಪಸ್ ಬರೋದು.

ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೀರಿ. ಮೀಟರ್ 20 ವೋಲ್ಟ್ ಡಿಸಿಗೆ ಇಡ್ರಿ. ಒಬ್ಬರು 3 ಸೆಕೆಂಡ್ ಸೆಲ್ಫ್ ಹೊಡೀಲಿ, ನೀವು ಮೀಟರ್ ನೋಡ್ರಿ. ಮೊದಲು ಬ್ಯಾಟರಿಯ ಸೀಸದ ಕಂಬಗಳ ಮ್ಯಾಲೇ ಪಿನ್ ಒತ್ತಬೇಕು, ಕ್ಲ್ಯಾಂಪ್ ಮ್ಯಾಲಲ್ಲ. ಅಲ್ಲಿ 9.6ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ವೀಕು. ಒಮ್ಮೆಲೇ 2-3 ವೋಲ್ಟಿಗೆ ಕುಸಿದ್ರೆ ಒಳಗಿನ ಸೆಲ್ ಜೋಡಣೆ ಬಿಟ್ಟಿರಬೇಕು, ಅದು ರಿಪೇರಿ ಆಗಂಗಿಲ್ಲ. ಎಲ್ಲ ಆರಿದಾಗ್ಲೂ ಕಂಬದಾಗ 12.5 ಹಂಗೇ ನಿಂತ್ರೆ ಬ್ಯಾಟರಿ ಬಚಾವ್, ದೋಷ ಹೊರಗಿನ ದಾರಿಯಾಗೈತಿ.

ಆಮೇಲೆ ಪ್ಲಸ್ ಕಂಬಕ್ಕೆ ಕೆಂಪು ಪಿನ್, ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೆ ಕಪ್ಪು: 0.5 ಮೀರಬಾರದು. ಮೈನಸ್ ಕಂಬಕ್ಕೆ ಕಪ್ಪು, ಇಂಜಿನ್ನಿನ ಬರೀ ಲೋಹಕ್ಕೆ ಕೆಂಪು: 0.3 ಮೀರಬಾರದು. ಯಾವ ಕಡೆ ಜಾಸ್ತಿ ಬರತದೋ ಆ ಕಡೆ ಒಂದೊಂದೇ ಜಾಯಿಂಟ್ ಅಳೀತಾ ಹೋಗ್ರಿ: ಕಂಬ-ಕ್ಲ್ಯಾಂಪ್, ಕಟ್-ಆಫ್ ಸ್ವಿಚ್ಚಿನ (ಬ್ಯಾಟರಿ ಕರೆಂಟ್ ಪೂರ್ತಿ ಕಡಿಯೋ ಸ್ವಿಚ್ಚು) ಎರಡು ಬೋಲ್ಟ್, ಲಗ್ (ಕೇಬಲ್ ತುದಿಯ ಲೋಹದ ಬಳೆ)-ಚಾಸಿ, ಚಾಸಿ-ಇಂಜಿನ್. ಕೆಂಪು ಕೀಲಿಯ ಅಗ್ಗದ ಕಟ್-ಆಫ್ ಸ್ವಿಚ್ ಮ್ಯಾಲೆ ನನಗೆ ಮೊದಲ ಅನುಮಾನ.

ಲಿಥಿಯಂ ಜಂಪ್ ಬ್ಯಾಡ. 100 ಎಎಚ್ ಲಿಥಿಯಂಗೆ ಸಾಮಾನ್ಯವಾಗಿ 100 ಆಂಪಿಯರ್ ಬಿಎಂಎಸ್ (ಬ್ಯಾಟರಿ ಕಾಯೋ ಒಳಗಿನ ಸರ್ಕ್ಯೂಟ್) ಇರತದ, ಸೆಲ್ಫ್ ಹೊಡೆದ ಕೂಡಲೇ ಟ್ರಿಪ್ ಆಗತದ. ಬ್ಯಾಟರಿ ನಿಜಕ್ಕೂ ಇಳಿದಿದ್ರೆ ಇನ್ವರ್ಟರಿಗೆ 10 ಆಂಪಿಯರ್ ಚಾರ್ಜರ್ ಹಚ್ಚಿ, ಒಂದು ತಾಸು ಇಂಜಿನ್ ಬ್ಯಾಟರಿ ಚಾರ್ಜ್ ಮಾಡಬಹುದು.

ಹಿರಿಯೂರು_ಬೈಪಾಸ್:
ಇಷ್ಟೆಲ್ಲ ಯಾಕೆ ಅಣ್ಣ, ಹೈವೇಗೆ ಹೋಗಿ ಲಾರಿಯವರನ್ನ ಕೇಳಿದ್ರೆ ಜಂಪ್ ಕೊಡ್ತಾರೆ. ಇಲ್ಲಾಂದ್ರೆ ನಾಲ್ಕು ಜನ ತಳ್ಳಿ.

ಪಿಬಿರೋಡ್_ವೈರಿಂಗ್:
ದೊಡ್ಡ ಲಾರಿ ಹೆಚ್ಚಾಗಿ 24 ವೋಲ್ಟ್ ರೀ! ನೇರ ಹಚ್ಚಿದ್ರೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್), ಆಲ್ಟರ್ನೇಟರ್ ಡಯೋಡ್ ಎಲ್ಲ ಹೋಗತಾವ. ಬ್ಯಾರೆ ದಾರಿ ಇಲ್ಲದಿದ್ರೆ ಲಾರಿ ಇಂಜಿನ್ ಆಫ್ ಮಾಡಿ, ಎರಡು ಬ್ಯಾಟರಿಯಲ್ಲಿ ಮೈನಸ್ ಚಾಸಿಗೆ ಹೋಗಿರೋ ಒಂದರಿಂದ ಮಾತ್ರ ತಗೋಬೇಕು, ಅದೂ ಮೀಟರಿನಾಗ 12 ನೋಡಿ. ತಳ್ಳೋದೂ ವ್ಯರ್ಥ. ಕಾಮನ್ ರೈಲ್ ಡೀಸೆಲ್‌ನಾಗ ಇಸಿಯುಗೆ ಕರೆಂಟ್ ಇಲ್ಲಂದ್ರೆ ಇಂಜೆಕ್ಟರ್ ತೆರೆಯಂಗಿಲ್ಲ.

ಜೋಗಿಮಟ್ಟಿ_ಟಿಟಿ:
ಅಳೆದೆ ಸರ್. ಎಲ್ಲ ಆರಿದಾಗ ಕಂಬದಲ್ಲಿ 12.4. ಪ್ಲಸ್ ಕಡೆ 0.05. ಮೈನಸ್ ಕಂಬದಿಂದ ಇಂಜಿನ್‌ಗೆ 11.9! ಕಟ್-ಆಫ್ ಸ್ವಿಚ್ ಮೇಲೆ 0.1 ಅಷ್ಟೇ. ಅರ್ಥ್ ಲಗ್‌ನಿಂದ ಚಾಸಿ ಲೋಹಕ್ಕೆ 11.7. ಅದೇ ಬೋಲ್ಟಿಗೆ ಇನ್ವರ್ಟರ್ ಮೈನಸ್ ಕೂಡ ಹಾಕಿದ್ದಾರೆ.

ದುರ್ಗದ_ಆಟೋ_ಎಲೆಕ್ಟ್ರಿಕ್:
ಸಿಕ್ತಲ್ಲ, ಆ ಬೋಲ್ಟೇ. ಇನ್ನು ಮೇಲೆ ಸುಮ್ಮಸುಮ್ಮನೆ ಸೆಲ್ಫ್ ಹೊಡೀಬೇಡಿ. ಅರ್ಥ್ ಸಿಗದಿದ್ರೆ ಕರೆಂಟ್ ಗೇರ್ ಕೇಬಲ್, ಸೆನ್ಸರ್ ವೈರ್ ಹುಡುಕಿಕೊಂಡು ಹೋಗಿ ಅವನ್ನೂ ಸುಡುತ್ತೆ. ಖಾತ್ರಿ ಮಾಡ್ಕೊಳ್ಳೋಕೆ ಜಂಪ್ ಕೇಬಲ್ಲಿನ ಒಂದು ಎಳೆಯನ್ನ ಬ್ಯಾಟರಿ ಮೈನಸ್‌ನಿಂದ ಇಂಜಿನ್ ಬ್ಲಾಕಿಗೆ ಕಚ್ಚಿಸಿ ಸೆಲ್ಫ್ ಹೊಡೀರಿ. ಇಂಜಿನ್ ಸ್ಟಾರ್ಟ್ ಆದ್ರೆ ಅಲ್ಲಿಗೆ ಪತ್ತೆ ಮುಗೀತು. ಮನೆಗೋ ಅಂಗಡಿಗೋ ಹೋಗೋತನಕ ಗಾಡಿ ಆಫ್ ಮಾಡಬೇಡಿ, ಓಡ್ತಿರೋವಾಗ ಆ ಎಳೆ ಕೀಳಲೂಬೇಡಿ. ಫ್ಯಾನ್, ಬೆಲ್ಟಿಗೆ ತಾಗದ ಹಾಗೆ ಕಟ್ಟಿ.

ಬೋಲ್ಟ್ ಬಿಚ್ಚೋ ಮುಂಚೆ ಇನ್ವರ್ಟರ್ ಆಫ್ ಮಾಡಿ, ಸ್ಪ್ಲಿಟ್ ಚಾರ್ಜ್ ರಿಲೇಯ ಫ್ಯೂಸ್ ಕೀಳಿ. ಜನ ಇದನ್ನ ಮರೀತಾರೆ: ಇಂಜಿನ್ ಬ್ಯಾಟರಿ ತೆಗೆದಿದ್ರೂ ಲಿಥಿಯಂ ಕಡೆಯಿಂದ ಪ್ಲಸ್ ಜೀವಂತ ಇರಬಹುದು. ಲಿಥಿಯಂ ಸುಮ್ಮನಿದ್ದಾಗಲೇ 13.2 ಸುಮಾರು ಇರುತ್ತೆ, ಕೆಲವು ರಿಲೇ ಅದನ್ನ ನೋಡಿ ಸಂಪರ್ಕ ಬಿಡೋದೇ ಇಲ್ಲ. ಆಮೇಲೆ ಮೈನಸ್ ಕ್ಲ್ಯಾಂಪ್ ಮೊದಲು ಬಿಚ್ಚಿ, ಹಾಕೋವಾಗ ಕೊನೆಗೆ ಹಾಕಿ.

ಬಾಡಿ ಕಟ್ಟಿದವರು ಲಗ್ಗನ್ನ ಪೇಂಟ್ ಮೇಲೇ ಕೂರಿಸಿರ್ತಾರೆ. ಕರೆಂಟ್ ಬರೀ ಬೋಲ್ಟಿನ ತ್ರೆಡ್ ಮೂಲಕ ಹೋಗ್ತಿರುತ್ತೆ. 1500 ವ್ಯಾಟ್ ಇನ್ವರ್ಟರ್ ಪೂರ್ತಿ ಓಡಿದ್ರೆ 130-140 ಆಂಪಿಯರ್, ಅದೂ ಅಲ್ಲೇ ನುಗ್ಗಿದ್ರೆ ಬೋಲ್ಟ್ ಕಾದು ಸಡಿಲಾಗದೆ ಇನ್ನೇನು? ಲಗ್ ಅಗಲದಷ್ಟು ಪೇಂಟ್ ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ಬರಿಸಿ. ಲಗ್ ನೀಲಿ-ಕಪ್ಪು ತಿರುಗಿದ್ರೆ ಕತ್ತರಿಸಿ ಬಿಸಾಕಿ, ಹೊಸ ತಾಮ್ರದ ಲಗ್ ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ. ಸುತ್ತಿಗೆಯಲ್ಲಿ ಚಪ್ಪಟೆ ಮಾಡಿದ್ದು ಬೇಡವೇ ಬೇಡ. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಹಚ್ಚಿ.

ಇನ್ವರ್ಟರ್ ಮೈನಸ್ ನೇರ ಲಿಥಿಯಂ ಮೈನಸ್‌ಗೆ ಹೋಗಲಿ, ಚಾಸಿ ಮೂಲಕ ಬೇಡ. ಇಂಜಿನ್ ಬ್ಲಾಕಿನಿಂದ ಬ್ಯಾಟರಿ ಮೈನಸ್‌ಗೆ 50 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಒಂದು ಪ್ರತ್ಯೇಕ ಎಳೀರಿ, ಕಟ್-ಆಫ್ ಸ್ವಿಚ್ ಆದಮೇಲಿನ ಬೋಲ್ಟಿಗೆ. ಮುಗಿದ ಮೇಲೆ ಸೆಲ್ಫ್ ಹೊಡೀತಾ ಮೈನಸ್ ಕಡೆ ಮತ್ತೆ ಅಳೀರಿ, 0.2ರೊಳಗೆ ಬರಬೇಕು. ಇಂಜಿನ್ ಓಡ್ತಿರೋವಾಗ ಕಂಬದಲ್ಲಿ 13.8ರಿಂದ 14.4.