ಕ್ಯಾಟಗರಿಯಲ್ಲಿ ಹಳೆಯ ಬರಹಗಳಿಗೆ ಹೋದರೆ 404, ಮೆನುವಿನಲ್ಲಿ ಬೇಡದ ಪುಟಗಳು (ವರ್ಡ್‌ಪ್ರೆಸ್)

ಬಿಳಿಹಾಳೆ:
ನಮಸ್ಕಾರ. ಎರಡು ದಿನದಿಂದ ಇದರಲ್ಲೇ ಒದ್ದಾಡುತ್ತಿದ್ದೇನೆ, ಯಾರಾದರೂ ದಯವಿಟ್ಟು ನೋಡಿ. ನನ್ನದು ವರ್ಡ್‌ಪ್ರೆಸ್ ಬ್ಲಾಗ್, ಹಳೆಯ ಮಾದರಿಯ ಥೀಮ್, ಬ್ಲಾಕ್ ಥೀಮ್ (ಸೈಟ್ ಎಡಿಟರಿನಲ್ಲೇ ತಿದ್ದುವಂಥದ್ದು) ಅಲ್ಲ. ಮೊದಲು ಥೀಮಿನ ಫೈಲುಗಳನ್ನೇ ನೇರವಾಗಿ ತಿದ್ದಿದ್ದೆ. ಕಳೆದ ವಾರ ಥೀಮ್ ಅಪ್‌ಡೇಟ್ ಮಾಡಿದೆ, ತಿದ್ದಿದ್ದೆಲ್ಲ ಅಳಿಸಿ ಹೋಯಿತು. ಅದಕ್ಕೇ ಈ ಸಲ ಚೈಲ್ಡ್ ಥೀಮ್ (ಮೂಲ ಥೀಮನ್ನು ಮುಟ್ಟದೆ ನಮ್ಮ ಬದಲಾವಣೆಗಳನ್ನು ಬೇರೆಯಾಗಿ ಇಡುವ ಥೀಮ್) ಮಾಡಿಕೊಂಡು ಹೆಡರ್ ಫೈಲನ್ನೂ ಕ್ಯಾಟಗರಿ ಟೆಂಪ್ಲೇಟನ್ನೂ ಅದರೊಳಗೆ ಇಟ್ಟಿದ್ದೇನೆ.

ಈಗ ಎರಡು ತೊಂದರೆ. ಮೆನು ಮಾಡಿ ನಾಲ್ಕೇ ನಾಲ್ಕು ಲಿಂಕ್ ಹಾಕಿದ್ದೇನೆ, ಆದರೆ ಸೈಟಿನಲ್ಲಿ ನನ್ನ ಪುಟಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತಿವೆ, ಯಾವಾಗಲೋ ಪ್ರಯೋಗಕ್ಕೆ ಮಾಡಿ ಮರೆತುಬಿಟ್ಟಿದ್ದ ಪುಟವೂ ಸೇರಿ. ಎರಡನೆಯದು, ಕ್ಯಾಟಗರಿ ಪುಟದ ಕೆಳಗೆ 'ಹಳೆಯ ಬರಹಗಳು' ಒತ್ತಿದರೆ 404 (ಪುಟ ಸಿಗಲಿಲ್ಲ ಅನ್ನುವ ಸಂದೇಶ) ಬರುತ್ತದೆ. ಎಲ್ಲ ಕಡೆ ಅಲ್ಲ, ಕೆಲವು ಕ್ಯಾಟಗರಿಗಳಲ್ಲಿ ಮಾತ್ರ. ಅದೇ ನನಗೆ ತಲೆ ಕೆಡಿಸುತ್ತಿರುವುದು.

ಕೀಲಿಮಣೆ:
404 ಬಂದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ಪುಟಕ್ಕೆ ಹೋಗಿ, ಏನೂ ಬದಲಾಯಿಸದೆ ಸುಮ್ನೆ ಸೇವ್ ಒತ್ತಿ. ವಿಳಾಸದ ನಿಯಮಗಳು ಹೊಸದಾಗಿ ಬರೆಯಲ್ಪಡುತ್ತವೆ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಬಿಳಿಹಾಳೆ:
ಮಾಡಿದೆ, ಮೂರು ಸಲ. ಕ್ಯಾಶ್ ಪ್ಲಗಿನ್ನನ್ನೂ ಆಫ್ ಮಾಡಿ ನೋಡಿದೆ. ಏನೂ ವ್ಯತ್ಯಾಸ ಇಲ್ಲ.

ಒಳಕೊಂಡಿ:
ಹಾಗಾದರೆ ಪರ್ಮಾಲಿಂಕ್ ಅಲ್ಲ ಬಿಡಿ. ಅದು ಕೆಟ್ಟಿದ್ದರೆ ಎಲ್ಲ ಕ್ಯಾಟಗರಿಗಳೂ ಕೆಡಬೇಕಿತ್ತು, ಅಲ್ವಾ? ಮೂರು ಲೆಕ್ಕ ಹೇಳಿ. ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ ಒಂದು ಪುಟಕ್ಕೆ ಎಷ್ಟು ಪೋಸ್ಟ್ ಅಂತ ಇದೆ? ನಿಮ್ಮ ಕ್ಯಾಟಗರಿ ಟೆಂಪ್ಲೇಟಿನಲ್ಲಿ ಒಂದು ಪುಟಕ್ಕೆ ಎಷ್ಟು ತೋರಿಸುತ್ತಿದ್ದೀರಿ? ಕೆಡುವ ಕ್ಯಾಟಗರಿಗಳಲ್ಲಿ ಒಟ್ಟು ಎಷ್ಟು ಬರಹ ಇವೆ?

ಬಿಳಿಹಾಳೆ:
ರೀಡಿಂಗ್‌ನಲ್ಲಿ 10. ಟೆಂಪ್ಲೇಟಿನಲ್ಲಿ ನಾನೇ ಹೊಸ ಕ್ವೆರಿ (ಡೇಟಾಬೇಸಿನಿಂದ ಬರಹಗಳನ್ನು ಕೇಳಿ ತರುವ ಕೋಡ್) ಬರೆದು 5 ಅಂತ ಕೊಟ್ಟಿದ್ದೇನೆ, ದೊಡ್ಡ ಚಿತ್ರಗಳ ಜೊತೆ ಐದು ಸಾಕು ಅನ್ನಿಸಿತು. 4 ಬರಹ ಇರುವ ಕ್ಯಾಟಗರಿ ಸರಿ ಇದೆ. 8 ಇರುವುದರಲ್ಲಿ ಎರಡನೇ ಪುಟ ಕೆಡುತ್ತದೆ. 14 ಇರುವುದರಲ್ಲಿ ಎರಡನೇ ಪುಟ ಚೆನ್ನಾಗಿ ಬಂದು ಮೂರನೆಯದು ಕೆಡುತ್ತದೆ.

ಒಳಕೊಂಡಿ:
ಸಿಕ್ಕಿತು. ನಿಮ್ಮ ಟೆಂಪ್ಲೇಟನ್ನು ತೆರೆಯುವುದಕ್ಕೂ ಮೊದಲೇ ವರ್ಡ್‌ಪ್ರೆಸ್ ವಿಳಾಸ ಓದಿ ತನ್ನದೇ ಮುಖ್ಯ ಕ್ವೆರಿ ನಡೆಸಿರುತ್ತದೆ. ಆ ಕ್ವೆರಿಗೆ ಗೊತ್ತಿರುವುದು ರೀಡಿಂಗ್‌ನ 10 ಮಾತ್ರ. ನಿಮ್ಮ 5 ಅದಕ್ಕೆ ಗೊತ್ತೇ ಇಲ್ಲ. 14 ಬರಹ ಅಂದರೆ ಅದರ ಲೆಕ್ಕಕ್ಕೆ ಎರಡು ಪುಟ, ನಿಮ್ಮ ಲೆಕ್ಕಕ್ಕೆ ಮೂರು. ಮೂರನೇ ಪುಟ ಕೇಳಿದರೆ ಅದರ ಕೈಗೆ ಒಂದೂ ಬರಹ ಸಿಗುವುದಿಲ್ಲ, ಹಾಗಾಗಿ 404 ಅಂದುಬಿಡುತ್ತದೆ. 8 ಬರಹ ಅದಕ್ಕೆ ಒಂದೇ ಪುಟ, ಅದಕ್ಕೇ ಅಲ್ಲಿ ಎರಡನೆಯದೇ ಕೆಟ್ಟಿತು. ಯಾವ ಟೆಂಪ್ಲೇಟ್ ತೆರೆಯಬೇಕು ಅನ್ನುವುದೂ ಇದೇ ಕ್ವೆರಿಯಿಂದ ತೀರ್ಮಾನ ಆಗುತ್ತದೆ, ಆದ್ದರಿಂದ ಕೆಟ್ಟ ಪುಟದಲ್ಲಿ ನಿಮ್ಮ ಕ್ಯಾಟಗರಿ ಫೈಲಿನ ಒಂದು ಸಾಲೂ ಓಡಿರುವುದಿಲ್ಲ. ಅಲ್ಲಿ ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ.

ಟೆಂಪ್ಲೇಟಿನಿಂದ ಆ ಹೊಸ ಕ್ವೆರಿಯನ್ನು ಪೂರ್ತಿ ತೆಗೆಯಿರಿ, ಮುಖ್ಯ ಕ್ವೆರಿ ತಂದ ಬರಹಗಳನ್ನು ಒಂದೊಂದಾಗಿ ತೋರಿಸುವ ಮಾಮೂಲಿ ಲೂಪ್ ಇರಲಿ. ಚೈಲ್ಡ್ ಥೀಮಿನ ಫಂಕ್ಷನ್ಸ್ ಫೈಲಿನಲ್ಲಿ ಕ್ವೆರಿ ನಡೆಯುವ ಮೊದಲೇ ನಮ್ಮ ಕೋಡ್ ಓಡಿಸಲು ಬಿಡುವ 'ಪ್ರೀ ಗೆಟ್ ಪೋಸ್ಟ್ಸ್' ಹುಕ್‌ಗೆ ಒಂದು ಫಂಕ್ಷನ್ ಸೇರಿಸಿ. ಅದರೊಳಗೆ ಮೂರು ಷರತ್ತು: ಇದು ಅಡ್ಮಿನ್ ಪುಟ ಅಲ್ಲ, ಇದು ಮುಖ್ಯ ಕ್ವೆರಿ, ಇದು ಕ್ಯಾಟಗರಿ. ಮೂರೂ ನಿಜವಾದರೆ ಪೋಸ್ಟ್ಸ್ ಪರ್ ಪೇಜ್ 5 ಅಂತ ಸೆಟ್ ಮಾಡಿ. ಅಡ್ಮಿನ್ ಷರತ್ತನ್ನು ಮರೆಯಬೇಡಿ, ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಕ್ಯಾಟಗರಿ ಆರಿಸಿ ಪಟ್ಟಿ ನೋಡುವಾಗಲೂ ಐದೈದೇ ಬರುತ್ತವೆ.

ಕೀಲಿಮಣೆ:
ಇದು ನನಗೂ ಗೊತ್ತಿರಲಿಲ್ಲ, ಥ್ಯಾಂಕ್ಸ್. ಇನ್ನೊಂದು ಮಾತು, ಮೂಲ ಥೀಮಿನ ಫಂಕ್ಷನ್ಸ್ ಫೈಲನ್ನು ಚೈಲ್ಡ್‌ಗೆ ಪೂರ್ತಿ ಕಾಪಿ ಮಾಡಬೇಡಿ. ಬೇರೆ ಟೆಂಪ್ಲೇಟುಗಳಾದರೆ ಚೈಲ್ಡ್‌ನಲ್ಲಿರುವ ಫೈಲ್ ಮೂಲದ ಬದಲಿಗೆ ಬರುತ್ತದೆ. ಫಂಕ್ಷನ್ಸ್ ಹಾಗಲ್ಲ, ಎರಡೂ ಓಡುತ್ತವೆ, ಚೈಲ್ಡ್‌ನದು ಮೊದಲು. ಒಂದೇ ಹೆಸರಿನ ಫಂಕ್ಷನ್ ಎರಡು ಸಲ ಬಂದರೆ ಸೈಟೇ ನಿಂತುಹೋಗಬಹುದು.

ಬಿಳಿಹಾಳೆ:
ಮೊದಲು ಒಂದು ಪರೀಕ್ಷೆ ಮಾಡಿದೆ. ಕ್ಯಾಟಗರಿ ಟೆಂಪ್ಲೇಟಿನ ತುದಿಯಲ್ಲಿ 'ಇಲ್ಲಿದ್ದೇನೆ' ಅಂತ ಟೈಪ್ ಮಾಡಿದೆ. 14ರ ಕ್ಯಾಟಗರಿಯಲ್ಲಿ ಒಂದು, ಎರಡನೇ ಪುಟಗಳಲ್ಲಿ ಕಂಡಿತು, ಮೂರನೆಯದರಲ್ಲಿ ಇಲ್ಲ. ನೀವು ಹೇಳಿದ್ದು ಕಣ್ಣಿಗೇ ಕಂಡಿತು! ಹುಕ್ ಹಾಕಿದ ಮೇಲೆ ಮೂರನೇ ಪುಟದಲ್ಲಿ ಉಳಿದ ನಾಲ್ಕು ಬರಹಗಳು ಬಂದವು. ಎರಡು ದಿನ ಹಿಡಿದಿದ್ದು ಹತ್ತು ನಿಮಿಷದಲ್ಲಿ ಮುಗಿಯಿತು, ತುಂಬಾ ಧನ್ಯವಾದ. ಮೆನು ಮಾತ್ರ ಇನ್ನೂ ಹಾಗೇ ಇದೆ.

ಒಳಕೊಂಡಿ:
ಮೆನು ಬೇರೆ, ಮೆನು ಕೂರುವ ಜಾಗ ಬೇರೆ. ಹೆಡರಿನಲ್ಲಿ ಕರೆದ ಜಾಗಕ್ಕೆ ಯಾವ ಮೆನುವೂ ಸಿಗದಿದ್ದರೆ ವರ್ಡ್‌ಪ್ರೆಸ್ ಅಲ್ಲಿ ಪುಟಗಳ ಪಟ್ಟಿಯನ್ನೇ ತಂದು ಸುರಿಯುತ್ತದೆ. ನಿಮಗೆ ಆಗುತ್ತಿರುವುದು ಅದೇ. ಫಂಕ್ಷನ್ಸ್‌ನಲ್ಲಿ ಆ ಜಾಗವನ್ನು ಯಾವ ಹೆಸರಿನಲ್ಲಿ ರಿಜಿಸ್ಟರ್ ಮಾಡಿದ್ದೀರಿ, ಹೆಡರಿನಲ್ಲಿ ಯಾವ ಹೆಸರಿನಿಂದ ಕರೆದಿದ್ದೀರಿ? ಅಕ್ಷರ ಅಕ್ಷರ ಹೋಲಿಸಿ ನೋಡಿ.

ಬಿಳಿಹಾಳೆ:
ಅಯ್ಯೋ! ರಿಜಿಸ್ಟರ್ ಮಾಡಿದ ಹೆಸರಿನಲ್ಲಿ ಅಂಡರ್‌ಸ್ಕೋರ್ ಇದೆ, ಹೆಡರಿನಲ್ಲಿ ಹೈಫನ್. ತಿದ್ದಿದೆ, ನಾಲ್ಕೇ ಲಿಂಕ್ ಬಂದವು.

ಒಳಕೊಂಡಿ:
ಒಳ್ಳೆಯದಾಯಿತು. ಹೆಡರಿನಲ್ಲಿ ಮೆನು ಕರೆಯುವ ಕಡೆ, ಮೆನು ಸಿಗದಾಗ ಬದಲಿಗೆ ಏನು ತೋರಿಸಬೇಕು ಅನ್ನುವ ಫಾಲ್‌ಬ್ಯಾಕ್‌ಗೆ ಫಾಲ್ಸ್ ಅಂತ ಕೊಟ್ಟುಬಿಡಿ. ಮುಂದೆ ಎಂದಾದರೂ ಜಾಗ ತಪ್ಪಿದರೆ ಏನೂ ಕಾಣಿಸುವುದಿಲ್ಲ, ಬೇಡದ ಪುಟಗಳು ಓದುಗರ ಮುಂದೆ ಬರುವುದಿಲ್ಲ.

ಹೊಸಸಾಲು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಬ್ಲಾಕ್ ಥೀಮ್. ಟೆಂಪ್ಲೇಟ್ ಫೈಲ್ ತಿದ್ದಿ ಅಪ್‌ಲೋಡ್ ಮಾಡಿದರೂ ಸೈಟಿನಲ್ಲಿ ಒಂದು ಚೂರೂ ಬದಲಾಗುವುದಿಲ್ಲ. ಯಾಕೆ?

ಒಳಕೊಂಡಿ:
ಆ ಟೆಂಪ್ಲೇಟನ್ನು ಸೈಟ್ ಎಡಿಟರಿನಲ್ಲಿ ಒಮ್ಮೆಯಾದರೂ ತಿದ್ದಿ ಸೇವ್ ಮಾಡಿರುತ್ತೀರಿ. ಆಗ ಅದರ ಒಂದು ಪ್ರತಿ ಡೇಟಾಬೇಸಿಗೆ ಹೋಗುತ್ತದೆ, ಅಲ್ಲಿಂದ ಮುಂದೆ ಸೈಟಿಗೆ ಬರುವುದು ಆ ಪ್ರತಿಯೇ, ಫೈಲ್ ಅಲ್ಲ. ಎಡಿಟರಿನ ಟೆಂಪ್ಲೇಟ್ ಪಟ್ಟಿಯಲ್ಲಿ ಅದನ್ನು ರಿಸೆಟ್ ಮಾಡಿದರೆ ನಿಮ್ಮ ಫೈಲ್ ಬರುತ್ತದೆ. ಎಡಿಟರಿನಲ್ಲಿ ಮಾಡಿದ ಬದಲಾವಣೆ ಬೇಕಿದ್ದರೆ ಮೊದಲು ಅದನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.

ಬಿಳಿಹಾಳೆ:
ಕೊನೆಯದೊಂದು ಸಣ್ಣ ಅನುಮಾನ. ಕ್ಯಾಟಗರಿಯಲ್ಲಿ 'ನೆಕ್ಸ್ಟ್ ಪೋಸ್ಟ್ಸ್ ಲಿಂಕ್' ಹಾಕಿದರೆ ಹಳೆಯ ಬರಹಗಳಿಗೆ ಹೋಗುತ್ತದೆ. ನಾನೇ ಉಲ್ಟಾ ಹಾಕಿದೆನಾ?

ಒಳಕೊಂಡಿ:
ಇಲ್ಲ, ಅದು ಹಾಗೇ ಇರುವುದು. ಪಟ್ಟಿಯಲ್ಲಿ ಹೊಸದು ಮೇಲೆ ಇರುವುದರಿಂದ ಮುಂದಿನ ಪುಟ ಅಂದರೆ ಹಳೆಯದು. ಒಂದೇ ಬರಹದ ಪುಟದಲ್ಲಿ ಹಾಕುವ 'ನೆಕ್ಸ್ಟ್ ಪೋಸ್ಟ್ ಲಿಂಕ್' ಬೇರೆ, ಅದು ಹೊಸ ಬರಹಕ್ಕೆ ಹೋಗುತ್ತದೆ. ಎರಡು ಹೆಸರುಗಳ ನಡುವೆ ಒಂದು 'ಸ್' ಮಾತ್ರ ವ್ಯತ್ಯಾಸ, ಜಾಸ್ತಿ ಜನ ಇಲ್ಲೇ ಎಡವುತ್ತಾರೆ. ಲಿಂಕಿನ ಮೇಲೆ 'ಹಳೆಯ ಬರಹಗಳು', 'ಹೊಸ ಬರಹಗಳು' ಅಂತಲೇ ಬರೆಯಿರಿ, ಓದುವವರಿಗೂ ಗೊಂದಲ ಇರುವುದಿಲ್ಲ.

ಬಿಳಿಹಾಳೆ:
ಹಾಗೇ ಬರೆದೆ. ಆ 'ಇಲ್ಲಿದ್ದೇನೆ'ಯನ್ನೂ ಅಳಿಸಿದೆ.