ಸಹಾಯ ಬೇಕು: ಗೋಧಿ ತಿನ್ನದೆ ಸೀಲಿಯಾಕ್ ಪತ್ತೆ ಮಾಡಿಸಬಹುದಾ?

ನಮಸ್ಕಾರ. ನನ್ನ ತಂಗಿ ಗೋಧಿ ಬಿಟ್ಟು ವರ್ಷದ ಮೇಲಾಯ್ತು. ಈಗ ಆರಾಮಾಗಿದ್ದಾಳೆ, ಆದರೆ ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ತಿಂದಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿಗೆ ಹಾನಿ ಮಾಡುವ ಕಾಯಿಲೆ) ಹೌದೋ ಅಲ್ಲವೋ ಖಚಿತವಾಗಿಲ್ಲ. ಗ್ಲುಟನ್ ಬಿಟ್ಟವರಿಗೆ ಟಿಟಿಜಿ ರಕ್ತ ಪರೀಕ್ಷೆ (ಸೀಲಿಯಾಕ್‌ನಲ್ಲಿ ಹೆಚ್ಚಾಗುವ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ) ಕಾಯಿಲೆ ಇದ್ದರೂ ನೆಗೆಟಿವ್ ಬರಬಹುದು. ಅದಕ್ಕೇ ಡಾಕ್ಟರ್ ಕೆಲವು ವಾರ ದಿನಾ ಚಪಾತಿ ತಿಂದು ಬನ್ನಿ ಅಂತಾರೆ. ಅರ್ಧ ಚಪಾತಿಗೇ ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ಕೂರುವವಳು ಅವಳು.

ನಾರ್ವೆಯ ಓಸ್ಲೋದವರ ಟೆಟ್ರಾಮರ್ ಪರೀಕ್ಷೆ ಬಗ್ಗೆ ಓದಿದೆ. ಎಚ್‌ಎಲ್‌ಎ-ಡಿಕ್ಯೂ (ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ಪ್ರೋಟೀನ್ ತುಣುಕು ಹಿಡಿದು ತೋರಿಸುವ ಅಣು) ಅಣುವಿಗೆ ಗ್ಲುಟನ್ ತುಣುಕು ಜೋಡಿಸಿ, ಅಂಥ ನಾಲ್ಕನ್ನು ಒಟ್ಟುಗೂಡಿಸಿ (ಅದೇ ಟೆಟ್ರಾಮರ್), ಹೊಳೆಯುವ ಬಣ್ಣ ಕೊಟ್ಟು, ರಕ್ತದ ಕೋಶಗಳ ಜೊತೆ ಬೆರೆಸುತ್ತಾರೆ. ಗ್ಲುಟನ್‌ಗೆ ಕೆರಳುವ ಟಿ ಕೋಶಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಅವನ್ನು ಕೋಶಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುವ ಯಂತ್ರವಾದ ಫ್ಲೋ ಸೈಟೋಮೀಟರ್‌ನಲ್ಲಿ ಎಣಿಸುತ್ತಾರೆ. ಅವು ತೀರಾ ವಿರಳ, ಆದರೂ ಗೋಧಿ ಬಿಟ್ಟವರಲ್ಲೂ ಸಿಗುತ್ತವೆ ಅಂತ 2018ರ ಅಧ್ಯಯನ ತೋರಿಸಿದೆ. ನಮಗೆ ಬೇಕಿರುವುದು ಇದೇ ಅಲ್ವಾ!

ಇಮ್ಯುನಾಲಜಿ ಲ್ಯಾಬ್‌ನಲ್ಲಿ ಇರುವವರು ಇದ್ದೀರಾ? ಭಾರತದಲ್ಲಿ ಎಲ್ಲಾದರೂ, ಸಂಶೋಧನೆಗಾದರೂ ಸರಿ, ಇದನ್ನು ಮಾಡುತ್ತಿದ್ದರೆ ದಯವಿಟ್ಟು ತಿಳಿಸಿ.