ಪ್ಯಾರಿಸ್, ಜ್ಯೂರಿಕ್, ಮಿಲಾನ್, ವೆನಿಸ್: ರೈಲು ಟಿಕೆಟ್ ಯಾವಾಗ, ಹೇಗೆ ಮಾಡಬೇಕು?

ಪ್ರಶ್ನೆ: ಮೇ ತಿಂಗಳಲ್ಲಿ ನಾವಿಬ್ಬರು, 9 ಮತ್ತು 13 ವರ್ಷದ ಮಕ್ಕಳು. ಪ್ಯಾರಿಸ್‌ನಿಂದ ಜ್ಯೂರಿಕ್, ಅಲ್ಲಿಂದ ಮಿಲಾನ್ ಮೇಲೆ ವೆನಿಸ್. ಯೂರೇಲ್ ಪಾಸ್ (ಯೂರೋಪಿನ ಹಲವು ದೇಶದ ರೈಲುಗಳಿಗೆ ಒಂದೇ ಪಾಸ್) ತಗೊಳ್ಳೋದಾ, ಬಿಡಿ ಟಿಕೆಟ್ಟಾ? ಗೊತ್ತಿರೋರು ಹೇಳಿ.

● ಮೂರೇ ಪ್ರಯಾಣಕ್ಕೆ ಪಾಸ್ ದಂಡ. ಪ್ಯಾರಿಸ್–ಜ್ಯೂರಿಕ್ ಟಿಜಿವಿ ಲಿರಿಯಾ, ಜ್ಯೂರಿಕ್–ಮಿಲಾನ್ ಯೂರೋಸಿಟಿ, ಮಿಲಾನ್–ವೆನಿಸ್ ಫ್ರೆಚ್ಚಾರೋಸ್ಸಾ, ಈ ಮೂರೂ ರೈಲಲ್ಲಿ ಸೀಟು ಕಾಯ್ದಿರಿಸೋದು ಕಡ್ಡಾಯ. ಪಾಸ್ ಇದ್ದರೂ ಆ ದುಡ್ಡು ಬೇರೆ ಕಟ್ಟಬೇಕು. 4ರಿಂದ 11ರ ಮಕ್ಕಳಿಗೆ ದೊಡ್ಡವರ ಜೊತೆ ಪಾಸ್ ಉಚಿತ, ಸೀಟು ಉಚಿತ ಅಲ್ಲ. 13ರವರಿಗೆ ಯೂತ್ ಪಾಸ್ ಕೊಳ್ಳಲೇಬೇಕು. ಜರ್ಮನಿ, ಆಸ್ಟ್ರಿಯಾದಲ್ಲಿ ದಿನಾ ಊರೂರು ಸುತ್ತುವವರಿಗಾದರೆ ಪಾಸ್ ಸರಿ.

● ಐಆರ್‌ಸಿಟಿಸಿ ಲೆಕ್ಕ ಮೊದಲು ಮರೆತುಬಿಡಿ. ಯೂರೋಪಿನಲ್ಲಿ 60 ದಿನ ಅನ್ನೋ ಒಂದೇ ಗಡುವಿಲ್ಲ, ವೇಟಿಂಗ್ ಲಿಸ್ಟ್ ಇಲ್ಲ, ಆರ್‌ಎಸಿ ಇಲ್ಲ. ಅಗ್ಗದ ಸೀಟು ಮುಗಿದ ಹಾಗೆ ದರ ಏರುತ್ತೆ. ಒಂದೊಂದು ರೈಲ್ವೆ ಒಂದೊಂದು ದಿನ ಬುಕಿಂಗ್ ತೆರೆಯುತ್ತೆ. ಮೇಗೆ ಜನವರಿಯಿಂದ ಕಣ್ಣಿಟ್ಟಿರಿ. ಪ್ಯಾರಿಸ್–ವೆನಿಸ್ ಅಂತ ಒಟ್ಟಿಗೆ ಹುಡುಕಿದರೆ, ಒಂದು ರೈಲು ಇನ್ನೂ ತೆರೆಯದಿದ್ದರೂ ಇಡೀ ದಾರಿಗೆ ಟಿಕೆಟ್ ಇಲ್ಲ ಅಂತ ತೋರಿಸಬಹುದು. ಬಿಡಿಬಿಡಿಯಾಗಿ ಹುಡುಕಿ.

ಜ್ಯೂರಿಕ್–ಮಿಲಾನ್ ಟಿಕೆಟನ್ನು ಸ್ವಿಸ್ ರೈಲ್ವೆ ಎಸ್‌ಬಿಬಿಯೂ ಮಾರುತ್ತೆ, ಇಟಲಿಯ ಟ್ರೆನಿಟಾಲಿಯಾನೂ ಮಾರುತ್ತೆ. ರೈಲು ಅದೇ, ದರ ಬೇರೆ ಇರಬಹುದು, ಎರಡೂ ನೋಡಿ. ಮಿಲಾನ್–ವೆನಿಸ್‌ಗೆ ಟ್ರೆನಿಟಾಲಿಯಾದ ‘ಬಿಂಬಿ ಗ್ರಾಟಿಸ್’ ಅಂತ ಒಂದು ಕೊಡುಗೆ ಇದೆ: ದೊಡ್ಡವರು ಬೇಸ್ (ಪೂರ್ತಿ) ದರ ಕೊಟ್ಟರೆ 15ರ ಒಳಗಿನ ಮಕ್ಕಳಿಗೆ ಉಚಿತ. ನಿಮ್ಮ ಇಬ್ಬರೂ ಮಕ್ಕಳು ಅದರೊಳಗೆ ಬರ್ತಾರೆ. ಆದರೆ ತುಂಬಾ ಮುಂಚೆ ‘ಸೂಪರ್ ಎಕಾನಮಿ’ ಅನ್ನೋ ಅಗ್ಗದ ಟಿಕೆಟ್ ನಾಲ್ಕು ಸಿಕ್ಕರೆ ಅದೇ ಅಗ್ಗ ಆಗೋದೂ ಉಂಟು, ಕೂಡಿ ನೋಡಿ.

● ದರದ ಆಸೆಗೆ ವೀಸಾ ಮರೀಬೇಡಿ! ಷೆಂಗೆನ್ (ಈ ಮೂರೂ ದೇಶಕ್ಕೆ ಸಲ್ಲುವ ಒಂದೇ ವೀಸಾ) ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳ ಮುಂಚೆಯೇ ಹಾಕಬಹುದು, ಹೆಚ್ಚು ರಾತ್ರಿ ಉಳಿಯುವ ದೇಶಕ್ಕೆ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45. ಸ್ಟಾಂಪ್ ಬೀಳುವ ಮುಂಚೆ ಕೊಳ್ಳಲೇಬೇಕಾದರೆ ಹಣ ವಾಪಸ್ ಬರುವ ದರ್ಜೆಯದನ್ನೇ ಕೊಳ್ಳಿ.

● ಮಿಲಾನ್‌ನಲ್ಲಿ ರೈಲು ಬದಲಿಸೋದೇ ಇಲ್ಲಿ ತೊಡಕು. ಯೂರೋಸಿಟಿ ತಡವಾಯಿತು, ವೆನಿಸ್ ಟಿಕೆಟ್ ಬೇರೆ ವಹಿವಾಟಿನದು ಅಂದರೆ ಮುಂದಿನ ರೈಲು ಹತ್ತಿಸುವ ಹೊಣೆ ಯಾರಿಗೂ ಇಲ್ಲ. ಎರಡೂ ಒಂದೇ ಟಿಕೆಟ್ಟಾಗಿದ್ದರೆ ಹೊಣೆ ರೈಲ್ವೆಯದು. ಬೇರೆಬೇರೆ ಕೊಂಡರೆ ನಡುವೆ ಒಂದೂವರೆ ಗಂಟೆ ಬಿಡಿ. ಸೂಪರ್ ಎಕಾನಮಿಯನ್ನು ಬದಲಿಸಕ್ಕಾಗಲ್ಲ, ಬೇಸ್ ಆದರೆ ಹೊರಡುವ ಮುಂಚೆ ಬದಲಿಸಬಹುದು. ಹಾಗಾಗಿ ಈ ಒಂದು ತುಂಡಿಗೆ ಬೇಸ್ ಕೊಳ್ಳೋದು ದುಂದಲ್ಲ.

● ಹೆಸರಿನ ವಿಷಯ. ನಮ್ಮ ಕಡೆ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾಲಿ ಇರೋದು ಮಾಮೂಲು, ಫಾರಂ ಮಾತ್ರ ಖಾಲಿ ಬಿಡಲ್ಲ. ಇರೋ ಹೆಸರನ್ನೇ ಎರಡೂ ಕಡೆ ತುಂಬಿ. ಪಾಸ್‌ಪೋರ್ಟಲ್ಲಿ ಇಲ್ಲದ ಇನಿಷಿಯಲ್ ಸೇರಿಸಬೇಡಿ. ಕಾರ್ಡ್‌ನಲ್ಲಿ ಅಂತಾರಾಷ್ಟ್ರೀಯ ವ್ಯವಹಾರವನ್ನು ಬ್ಯಾಂಕ್ ಆಪ್‌ನಲ್ಲಿ ಆನ್ ಮಾಡಿ, ಓಟಿಪಿ ಬರುವ ಫೋನು ಪಕ್ಕದಲ್ಲಿರಲಿ. ಹಣ ಕಟ್ಟಲು ಹೋದಾಗ ತಿರಸ್ಕಾರ ಆಗೋದು ಬಹುಮಟ್ಟಿಗೆ ಈ ಎರಡರಿಂದಲೇ.

● ನಿಲ್ದಾಣ ನೋಡಿ ಒತ್ತಿ. ಜ್ಯೂರಿಕ್ ರೈಲು ಪ್ಯಾರಿಸ್‌ನ ಗಾರ್ ದ ಲಿಯೋಂನಿಂದ. ಹೊರಡಲು 2 ನಿಮಿಷ ಇರುವಾಗಲೇ ಬಾಗಿಲು ಹಾಕ್ತಾರೆ. ವೆನಿಸ್‌ನಲ್ಲಿ ಕಾಲುವೆ ಪಕ್ಕದ್ದು ಸಾಂತಾ ಲೂಚಿಯಾ, ಮೆಸ್ತ್ರೆ ಅಂದರೆ ಆಚೆ ದಡ. ಜರ್ಮನ್ ಪುಟದಲ್ಲಿ ಮಿಲಾನ್ ‘ಮೈಲಾಂಡ್’, ವೆನಿಸ್ ‘ವೆನೆಡಿಗ್’ ಆಗಿರುತ್ತೆ, ಗಾಬರಿ ಬೇಡ. (ಜ್ಯೂರಿಕ್–ಮಿಲಾನ್ ದಾರಿಯ ಗೊಟ್ಟಾರ್ಡ್ ಸುರಂಗ 57 ಕಿ.ಮೀ., ಅಷ್ಟು ದೂರ ಕಿಟಕಿ ಸೀಟಿದ್ದೂ ಕತ್ತಲೆಯೇ.) ಸ್ವಿಸ್–ಇಟಲಿ ಗಡಿಯ ಕಿಯಾಸ್ಸೋದಲ್ಲಿ ಪೊಲೀಸರು ಹತ್ತಿ ಪಾಸ್‌ಪೋರ್ಟ್ ಕೇಳೋದುಂಟು, ಸೂಟ್‌ಕೇಸಲ್ಲಿ ಹಾಕಿ ಬಾಗಿಲ ಹತ್ತಿರದ ರ‍್ಯಾಕಲ್ಲಿ ಇಟ್ಟು ಬರಬೇಡಿ.